ಒಬ್ಬರ ಮಾತು, ಇನ್ನೊಬ್ಬರ ವಿಮಾನ

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹಾರುವ ಲುಫ್ತಾನ್ಸಾ ವಿಮಾನದಲ್ಲಿ ಅಕ್ಕಪಕ್ಕ ಕೂತ ಮೂವರನ್ನು ಕಲ್ಪಿಸಿಕೊಳ್ಳಿ. ಒಬ್ಬರು ರೂಪಾಯಿ ಕೊಟ್ಟು ಟಿಕೆಟ್ ಕೊಂಡವರು. ಇನ್ನೊಬ್ಬರು ಏರ್ ಇಂಡಿಯಾದಲ್ಲಿ ಓಡಾಡಿ ಕೂಡಿಟ್ಟ ಪಾಯಿಂಟುಗಳನ್ನು ಕೊಟ್ಟು ಬಂದವರು. ಮೂರನೆಯವರು ಏರ್ ಕೆನಡಾದ ಪಾಯಿಂಟುಗಳನ್ನು ಕೊಟ್ಟವರು. ಅವರು ಕೆನಡಾ ನೋಡಿಲ್ಲ, ಏರ್ ಕೆನಡಾದ ಒಂದು ವಿಮಾನವನ್ನೂ ಹತ್ತಿಲ್ಲ. ಹಾರಿಸುತ್ತಿರುವುದು ಲುಫ್ತಾನ್ಸಾ. ಕೊನೆಯ ಇಬ್ಬರಿಂದ ಟಿಕೆಟ್ಟಿನ ಬಾಬ್ತು ಅದಕ್ಕೆ ನೇರವಾಗಿ ಬಂದದ್ದು ಏನೂ ಇಲ್ಲ. ಆದರೂ ಮೂವರಿಗೂ ಒಂದೇ ಊಟ, ಒಂದೇ ಕಂಬಳಿ.

ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಪ್ರವಾಸಪ್ರಿಯರದ್ದು ಮಾತ್ರವಲ್ಲ, ಆರ್ಥಿಕ ಇತಿಹಾಸದ ವಿದ್ಯಾರ್ಥಿಗಳದ್ದೂ ಹೌದು. ಹಳೆಯ ವರ್ತಕರ ಸಾಲಪತ್ರಗಳ ಬಗ್ಗೆ ಓದುತ್ತಿರುವ ನನಗೆ ಆ ಮೂರನೆಯ ಪ್ರಯಾಣಿಕರ ಕೈಯಲ್ಲಿರುವುದು ತೀರಾ ಹೊಸ ವಸ್ತುವಾಗಿ ಕಾಣುವುದಿಲ್ಲ. ಅದೊಂದು ಹುಂಡಿ.

ನಮ್ಮ ಕಡೆ ಈಗ ಹುಂಡಿ ಎಂದರೆ ದೇವಸ್ಥಾನದ ಕಾಣಿಕೆ ಪೆಟ್ಟಿಗೆ. ವರ್ತಕರ ಹುಂಡಿ ಬೇರೆ. ಹದಿನೇಳನೆಯ ಶತಮಾನದ ಸೂರತ್ತಿನಲ್ಲಿ ಒಬ್ಬ ವ್ಯಾಪಾರಿ ಸರಾಫನ ಕೈಗೆ ಹಣ ಕೊಟ್ಟು ಒಂದು ಚೀಟಿ ಬರೆಸಿಕೊಳ್ಳುತ್ತಿದ್ದ. ಆ ಚೀಟಿಯನ್ನು ಆಗ್ರಾದಲ್ಲಿದ್ದ ಇನ್ನೊಬ್ಬ ಸರಾಫನಿಗೆ ತೋರಿಸಿದರೆ ಅವನು ಹಣ ಎಣಿಸಿ ಕೊಡುತ್ತಿದ್ದ. ದಾರಿಯಲ್ಲಿ ನಾಣ್ಯದ ಚೀಲ ಹೊರುವ ಕಷ್ಟವಿಲ್ಲ, ಕಳ್ಳರ ಭಯವಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷರೂ ಈ ಹುಂಡಿಗಳನ್ನೇ ನಂಬಿ ವ್ಯವಹಾರ ಮಾಡಿದ್ದುಂಟು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗೊತ್ತಾದ ದಿನ ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಹುಂಡಿಯ ಬೆಲೆ ಕಾಗದದಲ್ಲಿರಲಿಲ್ಲ, ಬರೆದವನ ಹೆಸರಿನಲ್ಲೂ ಪೂರ್ತಿ ಇರಲಿಲ್ಲ. ಎಲ್ಲೋ ದೂರದಲ್ಲಿ ಕೂತ ಇನ್ನೊಬ್ಬ ಆ ಹೆಸರನ್ನು ಮನ್ನಿಸುತ್ತಾನೆ ಎಂಬ ಖಾತ್ರಿಯಲ್ಲಿ ಅದರ ಬೆಲೆಯಿತ್ತು.

ವಿಮಾನದ ಪಾಯಿಂಟು, ಅಥವಾ ಹಳೆಯ ಹೆಸರಿನಲ್ಲಿ ಹೇಳುವುದಾದರೆ ಮೈಲು, ಇಂಥ ಚೀಟಿಯಾಗಿ ಹುಟ್ಟಲಿಲ್ಲ. ಅದರ ಮೂಲ ಅಮೆರಿಕದ ದಿನಸಿ ಅಂಗಡಿಯಲ್ಲಿದೆ. 1896ರಲ್ಲಿ ಶುರುವಾದ ಸ್ಪೆರಿ ಅಂಡ್ ಹಚಿನ್ಸನ್ ಕಂಪನಿ ಹಸಿರು ಬಣ್ಣದ ಅಂಚೆಚೀಟಿಯಂಥ ಚೀಟಿಗಳನ್ನು ಅಂಗಡಿಯವರಿಗೆ ಮಾರುತ್ತಿತ್ತು. ಅಂಗಡಿಯವರು ಅವನ್ನು ಗಿರಾಕಿಗಳಿಗೆ ಸಾಮಾನಿನ ಜೊತೆ ಪುಕ್ಕಟೆಯಾಗಿ ಕೊಡುತ್ತಿದ್ದರು. ಮನೆಯವರು ಅವನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಕಂಪನಿಯ ಮಳಿಗೆಗೆ ಹೋಗಿ ಇಸ್ತ್ರಿಪೆಟ್ಟಿಗೆಯನ್ನೋ ದೀಪವನ್ನೋ ತರುತ್ತಿದ್ದರು. ಕೂಡಿಸುವುದು ಒಂದು ಕಡೆ, ಕೊಟ್ಟು ತರುವುದು ಇನ್ನೊಂದು ಕಡೆ. ಮುಂದೆ ವಿಮಾನ ಕಂಪನಿಗಳು ಮಾಡಿದ್ದೆಲ್ಲದರ ಬೀಜ ಇದರಲ್ಲಿದೆ.

ಆ ಬೀಜ ಮೊಳೆಯಲು ಒಂದು ಕಾನೂನು ಬೇಕಾಯಿತು. 1938ರಿಂದ ಅಮೆರಿಕದಲ್ಲಿ ಯಾವ ವಿಮಾನ ಯಾವ ಊರಿಗೆ ಹಾರಬೇಕು, ಎಷ್ಟು ದರ ಕೇಳಬೇಕು ಎಂಬುದನ್ನು ಸರ್ಕಾರದ ಒಂದು ಮಂಡಳಿ ತೀರ್ಮಾನಿಸುತ್ತಿತ್ತು. ದರ ಎಲ್ಲರದೂ ಒಂದೇ ಆದಾಗ ಪೈಪೋಟಿ ಉಳಿಯುವುದು ಊಟದಲ್ಲಿ, ಉಪಚಾರದಲ್ಲಿ. 1978ರ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾಯ್ದೆ ಈ ಕಟ್ಟುಗಳನ್ನು ಬಿಚ್ಚಿತು. ಹೊಸ ಕಂಪನಿಗಳು ಬಂದವು, ದರಗಳು ಬಿದ್ದವು. ನಿನ್ನೆಯವರೆಗೆ ತಮ್ಮ ವಿಮಾನವನ್ನೇ ಹತ್ತುತ್ತಿದ್ದ ಗಿರಾಕಿ ನಾಳೆ ಐದು ಡಾಲರ್ ಕಡಿಮೆಯೆಂದು ಪಕ್ಕದ ಸಾಲಿಗೆ ಹೋಗಬಹುದು ಎಂಬ ಭಯ ಹಳೆಯ ಕಂಪನಿಗಳನ್ನು ಹಿಡಿಯಿತು.

ಅಮೆರಿಕನ್ ಏರ್‌ಲೈನ್ಸ್ ಹತ್ತಿರ ಒಂದು ಆಸ್ತಿಯಿತ್ತು. ಐಬಿಎಂ ಜೊತೆ ಸೇರಿ 1960ರ ದಶಕದಲ್ಲಿ ಅದು ಕಟ್ಟಿದ್ದ ಸೇಬರ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬುಕಿಂಗ್‌ಗಳ ದಾಖಲೆಯೆಲ್ಲ ಇತ್ತು. ಯಾವ ಫೋನ್ ನಂಬರು ಮತ್ತೆ ಮತ್ತೆ ಬರುತ್ತದೆ ಎಂದು ಹುಡುಕಿದರೆ ಪದೇ ಪದೇ ಹಾರುವವರು ಯಾರೆಂದು ತಿಳಿಯುತ್ತಿತ್ತು. 1981ರ ಮೇ 1ರಂದು ಅಡ್ವಾಂಟೇಜ್ ಎಂಬ ಯೋಜನೆ ಹುಟ್ಟಿತು: ಹಾರಿದ ಮೈಲು ಎಣಿಸುತ್ತೇವೆ, ಸಾಕಷ್ಟಾದರೆ ಪುಕ್ಕಟೆ ಟಿಕೆಟ್ ಕೊಡುತ್ತೇವೆ. ಒಂದು ವಾರ ಕಳೆಯುವುದರೊಳಗೆ ಯುನೈಟೆಡ್ ಕೂಡ ತನ್ನ ಯೋಜನೆ ತಂದಿತು. ಈ ಬಗೆಯ ಸಣ್ಣ ಪ್ರಯತ್ನಗಳು ಮುಂಚೆಯೂ ನಡೆದಿದ್ದವು, ಆದರೆ ದೊಡ್ಡ ಪ್ರಮಾಣದಲ್ಲಿ ನೆಲೆ ನಿಂತದ್ದು ಇವೇ.

ಪುಕ್ಕಟೆ ಕೊಡುವುದು ಕಂಪನಿಗೆ ಹೇಗೆ ಗಿಟ್ಟುತ್ತಿತ್ತು? ವಿಮಾನದ ಖಾಲಿ ಸೀಟು ಸಂಜೆ ಮಾರುಕಟ್ಟೆಯ ಮಲ್ಲಿಗೆಯಿದ್ದಂತೆ. ಬೆಳಿಗ್ಗೆ ಅದಕ್ಕೆ ದರವಿದೆ, ಕತ್ತಲಾದರೆ ಇಲ್ಲ. ಬಾಗಿಲು ಮುಚ್ಚಿದ ಕ್ಷಣಕ್ಕೆ ಖಾಲಿ ಸೀಟಿನ ಬೆಲೆ ಸೊನ್ನೆ. ಅಲ್ಲಿ ಒಬ್ಬರನ್ನು ಕೂರಿಸಿದರೆ ಕಂಪನಿಗೆ ಬೀಳುವ ಖರ್ಚು ಒಂದು ಊಟ, ಸ್ವಲ್ಪ ಹೆಚ್ಚಿನ ಇಂಧನ. ಆದರೆ ಕೂತವರ ಕಣ್ಣಿಗೆ ಅದು ಸಾವಿರಾರು ರೂಪಾಯಿಯ ಟಿಕೆಟ್. ಕೊಡುವವನಿಗೆ ಅಗ್ಗ, ಪಡೆಯುವವನಿಗೆ ದುಬಾರಿ. ಮೈಲಿನ ಆರ್ಥಿಕತೆ ನಿಂತಿರುವುದು ಈ ಅಂತರದ ಮೇಲೆ.

ಆದರೆ ಒಂದು ತೊಡಕಿತ್ತು. ಡಲ್ಲಾಸಿನಿಂದ ಶಿಕಾಗೋಗೆ ವಾರವಾರ ಹೋಗಿಬರುವ ಮಾರಾಟ ಪ್ರತಿನಿಧಿಗೆ ಇನಾಮಾಗಿ ಮತ್ತೊಂದು ಶಿಕಾಗೋ ಪ್ರಯಾಣ ಬೇಡ. ಅವನಿಗೆ ಬೇಕಾದದ್ದು ಹೆಂಡತಿ ಮಕ್ಕಳ ಜೊತೆ ಪ್ಯಾರಿಸ್ಸು, ಟೋಕಿಯೊ. ಅಲ್ಲಿಗೆ ತನ್ನ ವಿಮಾನ ಹೋಗದಿದ್ದರೆ ಹೋಗುವವರನ್ನು ಹಿಡಿಯಬೇಕು. ಹೀಗೆ ಪರದೇಶದ ಕಂಪನಿಗಳ ಜೊತೆ ಒಪ್ಪಂದಗಳು ಶುರುವಾದವು: ನನ್ನ ಗಿರಾಕಿ ನನ್ನ ಮೈಲಿನಿಂದ ನಿನ್ನ ವಿಮಾನ ಹತ್ತಲಿ, ನಾನು ನಿನಗೆ ಗೊತ್ತುಮಾಡಿದ ಮೊತ್ತ ಕೊಡುತ್ತೇನೆ. ಮೈಲು ಹುಂಡಿಯಾದದ್ದು ಈ ಘಟ್ಟದಲ್ಲಿ.

ಒಪ್ಪಂದಗಳು ಬೆಳೆದು ಕೂಟಗಳಾದವು. 1997ರ ಮೇ 14ರಂದು ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್, ಯುನೈಟೆಡ್ ಸೇರಿ ಸ್ಟಾರ್ ಅಲಯನ್ಸ್ ಕಟ್ಟಿದವು. 1999ರ ಫೆಬ್ರವರಿಯಲ್ಲಿ ಅಮೆರಿಕನ್, ಬ್ರಿಟಿಷ್ ಏರ್‌ವೇಸ್, ಕ್ಯಾಥೆ ಪೆಸಿಫಿಕ್, ಕ್ವಾಂಟಾಸ್ ಮುಂತಾದವುಗಳ ಒನ್‌ವರ್ಲ್ಡ್ ಬಂತು. 2000ದ ಜೂನ್‌ನಲ್ಲಿ ಡೆಲ್ಟಾ, ಏರ್ ಫ್ರಾನ್ಸ್, ಕೊರಿಯನ್ ಏರ್, ಏರೋಮೆಕ್ಸಿಕೋಗಳ ಸ್ಕೈಟೀಮ್ ಬಂತು. ಎಮಿರೇಟ್ಸ್, ಎತಿಹಾದ್‌ನಂಥವು ಯಾವ ಕೂಟಕ್ಕೂ ಸೇರದೆ ಒಬ್ಬೊಬ್ಬರ ಜೊತೆ ಬೇರೆ ಬೇರೆ ಒಪ್ಪಂದ ಮಾಡಿಕೊಂಡವು.

ಇದರ ಒಳಗಿನ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಿಮಾನ ಹಾರಿಸುವ ಕಂಪನಿ ಕೆಲವೇ ಸೀಟುಗಳನ್ನು ಪಾಲುದಾರರಿಗೆಂದು ಬಿಡುತ್ತದೆ. ಸ್ಟಾರ್ ಅಲಯನ್ಸ್ ಒಳಗೆ ಇವಕ್ಕೆ ಅಕ್ಷರದ ಗುರುತಿದೆ. ಎಕ್ಸ್ ಎಂದರೆ ಎಕಾನಮಿ, ಐ ಎಂದರೆ ಬಿಸಿನೆಸ್. ಮಾರಾಟಕ್ಕೆ ನೂರು ಸೀಟು ಖಾಲಿಯಿದ್ದರೂ ಆ ಗುರುತಿನ ಕೆಳಗೆ ಎರಡೇ ಇರಬಹುದು, ಒಂದೂ ಇಲ್ಲದಿರಬಹುದು. ಆದರೆ ಆ ಸೀಟಿಗೆ ಎಷ್ಟು ಪಾಯಿಂಟು ಎಂಬುದನ್ನು ಹೇಳುವುದು ಹಾರಿಸುವ ಕಂಪನಿಯಲ್ಲ, ಪಾಯಿಂಟು ಕೊಟ್ಟ ಕಂಪನಿ. ಆದ್ದರಿಂದ ಒಂದೇ ವಿಮಾನದ ಒಂದೇ ಸೀಟಿಗೆ ಏರ್ ಇಂಡಿಯಾದಲ್ಲಿ ಒಂದು ಬೆಲೆ, ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಇನ್ನೊಂದು, ಏರ್ ಕೆನಡಾದಲ್ಲಿ ಮತ್ತೊಂದು. ಕೆಲವರು ಪಾಯಿಂಟಿನ ಮೇಲೆ ಇಂಧನದ ಹೆಸರಿನಲ್ಲಿ ದೊಡ್ಡ ಮೊತ್ತವನ್ನು ನಗದಾಗಿ ಕೇಳುತ್ತಾರೆ. ಯುನೈಟೆಡ್‌ನಂಥವರು ಕೇಳುವುದಿಲ್ಲ, 2020ರ ಕೊನೆಯಿಂದ ಏರ್ ಕೆನಡಾ ಕೂಡ ಕೈಬಿಟ್ಟಿದೆ. ಪಾಲುದಾರರ ಮೂಲಕ ಟಿಕೆಟ್ ಮಾಡಿಸುವ ಜಾಣತನವೆಲ್ಲ ಈ ಮೂರು ಸಂಗತಿಗಳಲ್ಲಿ ಅಡಗಿದೆ: ಯಾರ ಸೀಟು ತೆರೆದಿದೆ, ಯಾರ ಪಟ್ಟಿಯಲ್ಲಿ ಅದು ಅಗ್ಗ, ಯಾರು ಮೇಲೆ ನಗದು ಕೇಳುವುದಿಲ್ಲ. ಬ್ಯಾಂಕಿನ ಕಾರ್ಡಿನಿಂದ ವಿಮಾನ ಕಂಪನಿಗೆ ಕಳಿಸಿದ ಪಾಯಿಂಟು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಬಲ್ಲವರು ಮೊದಲು ಸೀಟು ಕಂಡು, ಆಮೇಲೆ ಪಾಯಿಂಟು ಕಳಿಸುತ್ತಾರೆ.

ಹೊರದೇಶದ ಕನ್ನಡಿಗರ ಮನೆಗಳಲ್ಲಿ ಈ ವಿದ್ಯೆ ಐಷಾರಾಮಕ್ಕಷ್ಟೇ ಅಲ್ಲ. ಮಗಳ ಬಾಣಂತನಕ್ಕೆ ಮೈಸೂರಿನಿಂದ ನ್ಯೂಜೆರ್ಸಿಗೆ ಹೋಗಬೇಕಾದ ಅಮ್ಮನ ಟಿಕೆಟ್ಟು, ಅಪ್ಪನಿಗೆ ಹುಷಾರಿಲ್ಲವೆಂದು ರಾತ್ರೋರಾತ್ರಿ ಹೊರಡಬೇಕಾದ ಮಗನ ಟಿಕೆಟ್ಟು ಇದರಿಂದ ಆದದ್ದುಂಟು. ಅವಾರ್ಡ್ ಸೀಟು ಒಲಿಯುವುದು ದಿನಾಂಕವನ್ನು ಹಿಂದೆಮುಂದೆ ಮಾಡಬಲ್ಲವರಿಗೆ. ಹೆರಿಗೆಯ ದಿನವನ್ನು ಹಾಗೆ ಮಾಡಲಾಗದು. ಆದರೆ ಮಾರಾಟವಾಗದ ಸೀಟುಗಳನ್ನು ಕೆಲವು ಕಂಪನಿಗಳು ಹೊರಡುವ ದಿನ ಹತ್ತಿರ ಬಂದಾಗ ಪಾಲುದಾರರಿಗೆ ಬಿಡುವುದರಿಂದ, ನಗದು ದರ ಮುಗಿಲು ಮುಟ್ಟಿದ ದಿನವೇ ಪಾಯಿಂಟಿನ ಟಿಕೆಟ್ ಸಿಕ್ಕಿಬಿಡುವುದೂ ಉಂಟು.

ಇಷ್ಟರೊಳಗೆ ಮೈಲು ಹಾರಾಟದಿಂದಲೇ ಕಳಚಿಕೊಂಡಿತ್ತು. 1987ರಲ್ಲಿ ಸಿಟಿಬ್ಯಾಂಕ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಸೇರಿ ತಂದ ಕ್ರೆಡಿಟ್ ಕಾರ್ಡಿನಲ್ಲಿ ಸೋಪು ಕೊಂಡರೂ ಮೈಲು ಬರುತ್ತಿತ್ತು. ಬ್ಯಾಂಕು ಆ ಮೈಲನ್ನು ಕಂಪನಿಯಿಂದ ಹಣ ಕೊಟ್ಟು ಕೊಳ್ಳುತ್ತಿತ್ತು. ಅಂದರೆ ವಿಮಾನ ಕಂಪನಿ ಈಗ ಟಿಕೆಟ್ ಮಾರುವುದರ ಜೊತೆಗೆ ನಾಣ್ಯ ಟಂಕಿಸಿ ಮಾರುವ ಟಂಕಸಾಲೆಯೂ ಆಯಿತು. 2005ರ ಜನವರಿಯಲ್ಲಿ ದಿ ಎಕಾನಮಿಸ್ಟ್ ಪತ್ರಿಕೆ, ಜಗತ್ತಿನಲ್ಲಿ ಬಳಕೆಯಾಗದೆ ಉಳಿದ ಮೈಲುಗಳ ಒಟ್ಟು ಬೆಲೆ ಚಲಾವಣೆಯಲ್ಲಿರುವ ಡಾಲರ್ ನೋಟು ನಾಣ್ಯಗಳನ್ನು ಮೀರಿದೆ ಎಂದು ಲೆಕ್ಕ ಹಾಕಿತು. ಇದಕ್ಕಿಂತ ತಮಾಷೆಯ ಪ್ರಸಂಗವೊಂದಿದೆ. ಅಮೆರಿಕದ ಸರ್ಕಾರಿ ಟಂಕಸಾಲೆ ಒಂದು ಡಾಲರ್ ನಾಣ್ಯಗಳನ್ನು ಚಲಾವಣೆಗೆ ತರಲೆಂದು ಸಾಗಣೆ ವೆಚ್ಚವಿಲ್ಲದೆ ಮನೆಗೆ ಕಳಿಸುತ್ತಿತ್ತು. ಜನ ಕ್ರೆಡಿಟ್ ಕಾರ್ಡಿನಲ್ಲಿ ಸಾವಿರಾರು ನಾಣ್ಯ ತರಿಸಿ, ಪೆಟ್ಟಿಗೆ ಸಮೇತ ಬ್ಯಾಂಕಿಗೆ ಒಯ್ದು ಕಟ್ಟಿ, ಕಾರ್ಡಿನ ಸಾಲ ತೀರಿಸಿ, ಮೈಲುಗಳನ್ನು ಉಳಿಸಿಕೊಂಡರು. 2011ರ ಜುಲೈನಲ್ಲಿ ಟಂಕಸಾಲೆ ಕಾರ್ಡಿನ ಪಾವತಿಯನ್ನೇ ನಿಲ್ಲಿಸಬೇಕಾಯಿತು. ನಿಜವಾದ ನಾಣ್ಯ ಇಲ್ಲಿ ಬರಿಯ ನೆಪ, ಜನಕ್ಕೆ ಬೇಕಾದದ್ದು ಕಾಣದ ನಾಣ್ಯ.

ಈ ಕಾಣದ ನಾಣ್ಯದ ಖರ್ಚನ್ನು ಯಾರೋ ಹೊರಲೇಬೇಕು. ಕಾರ್ಡು ಉಜ್ಜಿದಾಗ ಅಂಗಡಿಯವರು ತೆರುವ ಶುಲ್ಕದಲ್ಲಿ ಒಂದು ಪಾಲು ಪಾಯಿಂಟಾಗಿ ಗಿರಾಕಿಗೆ ಬರುತ್ತದೆ. ಆ ಶುಲ್ಕ ಸಾಮಾನಿನ ಬೆಲೆಯಲ್ಲಿ ಸೇರಿದರೆ ನಗದು ಕೊಡುವವರೂ ಅದರಲ್ಲಿ ಪಾಲುದಾರರು, ಪಾಯಿಂಟು ಮಾತ್ರ ಅವರಿಗಿಲ್ಲ. ಯುರೋಪಿನ ಒಕ್ಕೂಟ 2015ರಲ್ಲಿ ಈ ಶುಲ್ಕದ ಮುಖ್ಯ ಭಾಗವನ್ನು ಕ್ರೆಡಿಟ್ ಕಾರ್ಡಿಗೆ ಶೇಕಡ 0.3ಕ್ಕೆ ಕಟ್ಟಿಹಾಕಿತು, ಅಮೆರಿಕದಂಥ ಧಾರಾಳ ಪಾಯಿಂಟು ಅಲ್ಲಿಲ್ಲದಿರುವುದಕ್ಕೆ ಇದೊಂದು ಕಾರಣ. ನಮ್ಮಲ್ಲಿ ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ಕೊಡುವ ಹಣಕ್ಕೆ 2020ರಿಂದ ಅಂಗಡಿಯವರಿಗೆ ಶುಲ್ಕವಿಲ್ಲ. ಶುಲ್ಕವಿಲ್ಲದ ಕಡೆ ಪಾಯಿಂಟೂ ಕಡಿಮೆ. ಪುಕ್ಕಟೆ ಟಿಕೆಟ್ ಎಂಬ ಮಾತನ್ನು ಕೇಳಿದಾಗಲೆಲ್ಲ ಈ ಲೆಕ್ಕ ನೆನಪಿರಬೇಕು.

ಹುಂಡಿಯ ವ್ಯವಹಾರದಲ್ಲಿ ಸರಾಫರು ಪರಸ್ಪರ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದರು. ವಿಮಾನ ಕಂಪನಿಗಳಿಗೂ ಅಂಥದ್ದೊಂದು ಕಟ್ಟೆಯಿದೆ: ಐಎಟಿಎ ಎಂಬ ಅವುಗಳ ಅಂತರರಾಷ್ಟ್ರೀಯ ಸಂಘ 1947ರಲ್ಲಿ ತೆರೆದ ಕ್ಲಿಯರಿಂಗ್ ಹೌಸ್. ಅಲ್ಲಿ ಬಾಕಿ ಉಳಿಸಿಕೊಂಡವರ ಮಾತಿಗೆ ಬೆಲೆಯಿಲ್ಲ. ಇದು ನಮಗೆ ಹತ್ತಿರದಿಂದ ತಿಳಿದದ್ದು ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನಿಂದ. 2005ರಲ್ಲಿ ಹಾರಲು ತೊಡಗಿದ ಅದು ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ನನ್ನು ತನ್ನೊಳಗೆ ಸೇರಿಸಿಕೊಂಡು, 2012ರ ಫೆಬ್ರವರಿ 10ರಂದು ಒನ್‌ವರ್ಲ್ಡ್ ಸೇರುವುದೆಂದು ದಿನ ಗೊತ್ತಾಗಿತ್ತು. ಸೇರಿದ್ದರೆ ಅದರ ಕಿಂಗ್ ಕ್ಲಬ್ ಸದಸ್ಯರ ಮೈಲು ಲಂಡನ್ನಿನಲ್ಲೂ ಹಾಂಗ್‌ಕಾಂಗಿನಲ್ಲೂ ನಡೆಯುತ್ತಿತ್ತು. ಕೆಲವೇ ದಿನ ಮುಂಚೆ ಕೂಟ ಆ ಸೇರ್ಪಡೆಯನ್ನು ತಡೆಹಿಡಿಯಿತು. ಅದೇ ತಿಂಗಳು ಕ್ಲಿಯರಿಂಗ್ ಹೌಸ್ ಬಾಕಿಯ ಕಾರಣಕ್ಕೆ ಅದನ್ನು ಅಮಾನತು ಮಾಡಿತು. ಅಕ್ಟೋಬರ್ ಹೊತ್ತಿಗೆ ವಿಮಾನಗಳೇ ನಿಂತವು. ಮನ್ನಿಸುವವರಿಲ್ಲದ ಮೈಲು ಬರಿಯ ಅಂಕಿಯಾಗಿ ಉಳಿಯಿತು.

ಜೆಟ್ ಏರ್‌ವೇಸ್ ಕಥೆ ಬೇರೆ ಥರ. ಎತಿಹಾದ್ ಜೊತೆಗಿನ ಒಪ್ಪಂದದಲ್ಲಿ ಜೆಟ್‌ಪ್ರಿವಿಲೇಜ್ ಯೋಜನೆಯನ್ನು ಬೇರೆ ಕಂಪನಿಯಾಗಿ ಮಾಡಲಾಗಿತ್ತು, ಅದರ ಬಹುಪಾಲು ಎತಿಹಾದ್‌ನದ್ದು. 2019ರ ಏಪ್ರಿಲ್ 17ರಂದು ಜೆಟ್ ವಿಮಾನಗಳು ನೆಲ ಹಿಡಿದವು, ಆದರೆ ಮೈಲು ಸಾಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಯೋಜನೆ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡಿತು. ವಿಮಾನವಿಲ್ಲದ ಕಂಪನಿಯ ಮೈಲಿನಿಂದ ಜನ ಬೇರೆಯವರ ವಿಮಾನ ಹತ್ತಿದರು. ಇವೆರಡರ ನಡುವೆ ಏರ್ ಇಂಡಿಯಾದ ದಾರಿ. 2007ರಲ್ಲಿ ಸ್ಟಾರ್ ಅಲಯನ್ಸ್ ಕರೆಯಿತು, 2011ರಲ್ಲಿ ಅರ್ಹತೆಯ ಷರತ್ತು ಪೂರೈಸಲಿಲ್ಲವೆಂದು ಬದಿಗಿಟ್ಟಿತು, 2014ರ ಜುಲೈ 11ರಂದು ಒಳಗೆ ಬಿಟ್ಟಿತು. ಏರ್ ಇಂಡಿಯಾದ ಪಾಯಿಂಟಿಗೆ ಇಡೀ ಕೂಟದ ಬಾಗಿಲು ತೆರೆದದ್ದು ಅಂದು.

ಹಳೆಯ ಹುಂಡಿಗೂ ಹೊಸ ಮೈಲಿಗೂ ಇರುವ ದೊಡ್ಡ ಅಂತರ ಇಲ್ಲಿಂದ ಮುಂದೆ ಕಾಣುತ್ತದೆ. ಹುಂಡಿಯಲ್ಲಿ ನೂರು ರೂಪಾಯಿ ಎಂದು ಬರೆದ ಮೇಲೆ ನೂರು ರೂಪಾಯಿಯೇ. ಮೈಲಿನಲ್ಲಿ ಹಾಗಿಲ್ಲ, ಕೊಟ್ಟವನೇ ನಾಳೆ ಅದರ ಬೆಲೆ ಬದಲಿಸಬಹುದು. 1988ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸದಸ್ಯರು ಆಗಲೇ ಕೂಡಿಟ್ಟಿದ್ದ ಮೈಲುಗಳಿಗೂ ಹೊಸ ನಿರ್ಬಂಧ ಹೇರಿದಾಗ ಕೆಲವರು ಕೋರ್ಟಿಗೆ ಹೋದರು. 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರಾಜ್ಯಗಳ ಗ್ರಾಹಕ ರಕ್ಷಣೆಯ ಕಾನೂನು ಇಲ್ಲಿ ನಡೆಯುವುದಿಲ್ಲ, ಕರಾರು ಮುರಿದರೆಂಬ ದೂರು ಮಾತ್ರ ನಡೆಯಬಹುದು ಎಂದಿತು. 2014ರಲ್ಲಿ, ಪದೇ ಪದೇ ದೂರು ಕೊಡುತ್ತಾನೆಂದು ನಾರ್ತ್‌ವೆಸ್ಟ್ ಕಂಪನಿಯ ಯೋಜನೆಯಿಂದ ಹೊರಹಾಕಲ್ಪಟ್ಟ ಯಹೂದಿ ಗುರುವೊಬ್ಬರ ದಾವೆಯೂ ಅದೇ ಕೋರ್ಟಿನಲ್ಲಿ ಬಿತ್ತು. ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಕಂಪನಿಯ ಪರ ನಿಂತರು. ಎರಡು ಸಲವೂ ಕಂಪನಿಗಳು ಮುಂದೆ ಹಿಡಿದ ಗುರಾಣಿ 1978ರ ಕಾಯ್ದೆ. ಗಿರಾಕಿಗೆ ಒಳ್ಳೆಯದಾಗಲೆಂದು ಮಾರುಕಟ್ಟೆಯನ್ನು ತೆರೆದ ಕಾಯ್ದೆಯೇ, ಆ ಮಾರುಕಟ್ಟೆಯಲ್ಲಿ ಹುಟ್ಟಿದ ನಾಣ್ಯದ ವಿಷಯದಲ್ಲಿ ಗಿರಾಕಿಯ ಕೈ ಕಟ್ಟಿತು. ಬಹುತೇಕ ಯೋಜನೆಗಳ ನಿಯಮಾವಳಿಯಲ್ಲಿ ಇಂದಿಗೂ ಒಂದು ಸಾಲಿರುತ್ತದೆ: ಪಾಯಿಂಟುಗಳು ಸದಸ್ಯರ ಆಸ್ತಿಯಲ್ಲ.

ಸದಸ್ಯರ ಆಸ್ತಿಯಲ್ಲದಿದ್ದರೂ ಕಂಪನಿಗಳಿಗೆ ಅದು ಆಸ್ತಿ. 2020ರಲ್ಲಿ ಕೊರೊನಾದಿಂದ ವಿಮಾನಗಳು ನಿಂತಾಗ ಯುನೈಟೆಡ್ ತನ್ನ ಮೈಲು ಯೋಜನೆಯನ್ನು ಒತ್ತೆಯಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಆ ಯೋಜನೆಗೆ ಅದು ಕಟ್ಟಿದ ಬೆಲೆ ಷೇರು ಮಾರುಕಟ್ಟೆಯಲ್ಲಿ ಇಡೀ ಕಂಪನಿಗಿದ್ದ ಬೆಲೆಗಿಂತ ಹೆಚ್ಚು. ಡೆಲ್ಟಾ 900 ಕೋಟಿ, ಮರುವರ್ಷ ಅಮೆರಿಕನ್ 1,000 ಕೋಟಿ ಡಾಲರ್ ಹೀಗೆಯೇ ಎತ್ತಿದವು. ಹಾರದ ದಿನಗಳಲ್ಲಿ ವಿಮಾನ ಕಂಪನಿಗಳನ್ನು ಉಳಿಸಿದ್ದರಲ್ಲಿ ಮುಂದೆಂದೋ ಹಾರಿಸುತ್ತೇವೆ ಎಂಬ ಮಾತಿನ ಪಾಲೂ ದೊಡ್ಡದು.

ಮೈಲು ಎಂಬ ಹೆಸರೂ ಈಗ ಅರ್ಧ ಸುಳ್ಳು. 2015ರಿಂದ ಡೆಲ್ಟಾ, ಯುನೈಟೆಡ್, ಮರುವರ್ಷ ಅಮೆರಿಕನ್ ಎಷ್ಟು ದೂರ ಹಾರಿದಿರಿ ಎನ್ನುವುದರ ಬದಲು ಎಷ್ಟು ಖರ್ಚು ಮಾಡಿದಿರಿ ಎಂದು ಎಣಿಸತೊಡಗಿದವು. ಇಲ್ಲಿಂದ ಅಲ್ಲಿಗೆ ಇಷ್ಟು ಮೈಲು ಎಂಬ ಬೆಲೆಪಟ್ಟಿಯನ್ನು ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ತೆಗೆದುಹಾಕಿದವು. 2023ರಲ್ಲಿ ಅಮೆರಿಕನ್ ತನ್ನ ವಿಮಾನಗಳ ಪಟ್ಟಿಯನ್ನು ಕೈಬಿಟ್ಟರೂ ಪಾಲುದಾರರ ವಿಮಾನಗಳ ಪಟ್ಟಿಯನ್ನು ಉಳಿಸಿಕೊಂಡಿತು. ಸ್ವಂತ ಸೀಟಿನ ಬೆಲೆಯನ್ನು ಕಂಪನಿ ಗಳಿಗೆಗೊಮ್ಮೆ ಏರಿಸಿ ಇಳಿಸಬಹುದು. ಇನ್ನೊಬ್ಬರ ಸೀಟಿಗೆ ತಾನು ತೆರಬೇಕಾದ ಮೊತ್ತ ಒಪ್ಪಂದದಲ್ಲಿ ಮೊದಲೇ ಗೊತ್ತಾಗಿರುತ್ತದೆ. ಒಪ್ಪಂದದ ಇನ್ನೊಂದು ತುದಿಯಲ್ಲಿ ಬೇರೊಬ್ಬರು ನಿಂತಿರುವ ಕಡೆ ಮಾತಿಗೆ ಇನ್ನೂ ಸ್ವಲ್ಪ ತೂಕ ಉಳಿದಿದೆ. ಪಾಲುದಾರರ ಮೂಲಕ ಟಿಕೆಟ್ ಮಾಡಿಸುವವರು ಅರಿತೋ ಅರಿಯದೆಯೋ ಹುಡುಕುತ್ತಿರುವುದು ಆ ತೂಕವನ್ನೇ.

ಹುಂಡಿಯ ಪರಂಪರೆಯಲ್ಲಿ ಜಿಕ್ರಿ ಚೀಟಿ ಎಂಬುದೊಂದಿತ್ತು. ಹಣ ಕೊಡಬೇಕಾದವನು ಕೈಯೆತ್ತಿದರೆ ಅದೇ ಊರಿನ ಇನ್ನೊಬ್ಬ ವರ್ತಕ ಹುಂಡಿಯನ್ನು ಮನ್ನಿಸಲಿ ಎಂದು ಜೊತೆಗೆ ಬರೆದುಕೊಡುವ ಕಾಗದ. ಹುಂಡಿ ಹಿಡಿದವನು ಅಪರಿಚಿತ ಊರಿನಲ್ಲಿ ಬರಿಗೈಯಲ್ಲಿ ನಿಲ್ಲಬಾರದು ಎಂಬ ಎಚ್ಚರ ಅದರಲ್ಲಿತ್ತು. ಜೆಟ್‌ನ ಸದಸ್ಯರಿಗೆ ಅಂಥದ್ದೊಂದು ಆಕಸ್ಮಿಕವಾಗಿ ಒದಗಿತು, ಕಿಂಗ್‌ಫಿಷರ್ ಸದಸ್ಯರಿಗೆ ಒದಗಲಿಲ್ಲ. ಕೋಟ್ಯಂತರ ಜನ ಕೂಡಿಡುತ್ತಿರುವ ಈ ನಾಣ್ಯಕ್ಕೆ ಇಂದಿಗೂ ಜಿಕ್ರಿ ಚೀಟಿಯಿಲ್ಲ. ಅದು ಬರುವವರೆಗೆ ಪಾಯಿಂಟುಗಳನ್ನು ಇಡುಗಂಟು ಎಂದುಕೊಳ್ಳದಿರುವುದು ಲೇಸು. ದರ್ಶನಿ ಹುಂಡಿಯನ್ನು ಯಾರೂ ಮೊಮ್ಮಕ್ಕಳಿಗೆಂದು ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲ. ಊರು ಮುಟ್ಟಿದ ದಿನವೇ ಸರಾಫನ ಅಂಗಡಿಗೆ ಹೋಗಿ ಹಣ ಎಣಿಸಿಕೊಳ್ಳುತ್ತಿದ್ದರು.